‘ಮರೆತುಬಿಡು’ ಎಂಬ ಮದ್ದಿನ ಚರಿತ್ರೆ

1917ರ ಡಿಸೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನ ಸಭೆಯಲ್ಲಿ ಡಬ್ಲ್ಯೂ. ಎಚ್. ಆರ್. ರಿವರ್ಸ್ ಎಂಬ ವೈದ್ಯರು ಒಂದು ಪ್ರಬಂಧ ಓದಿದರು. ಕಂದಕಗಳ ಯುದ್ಧದಿಂದ ನಡುಗುತ್ತಾ ಮರಳಿದ ಸೇನಾಧಿಕಾರಿಗಳಿಗೆ ಡಾಕ್ಟರುಗಳೂ ಮನೆಯವರೂ ಒಂದೇ ಬುದ್ಧಿ ಹೇಳುತ್ತಿದ್ದರು: ಆದದ್ದಾಯಿತು, ಮರೆತುಬಿಡಿ, ಬೇರೆ ಏನಾದರೂ ಯೋಚಿಸಿ. ಈ ಬುದ್ಧಿವಾದವೇ ಕಾಯಿಲೆಯನ್ನು ಸಾಕುತ್ತಿದೆ ಎಂಬುದು ರಿವರ್ಸ್ ಅವರ ವಾದ. ಹಗಲಿಡೀ ಅದುಮಿಟ್ಟದ್ದು ರಾತ್ರಿ ಕನಸಾಗಿ ಎದ್ದು ಬರುತ್ತಿತ್ತು. ನಿದ್ದೆಗೇ ಹೆದರಿದ ರೋಗಿಗಳನ್ನು ಅವರು ಕಣ್ಣಾರೆ ಕಂಡಿದ್ದರು.

ಇಂದು ಪಿಟಿಎಸ್‌ಡಿ ಅಥವಾ ಆಘಾತೋತ್ತರ ಒತ್ತಡದ ಕಾಯಿಲೆಗೆ ಸಿಗುವ ಚಿಕಿತ್ಸೆಗಳ ಬೇರು ಹುಡುಕಿದರೆ ಆ ಪ್ರಬಂಧದ ಹತ್ತಿರ ಬಂದು ನಿಲ್ಲಬೇಕಾಗುತ್ತದೆ. ಅಲ್ಲಿಂದ ಇಲ್ಲಿಗೆ ಬಂದ ದಾರಿ ಮಾತ್ರ ನೇರವಾಗಿಲ್ಲ. ಒಂದು ಪೀಳಿಗೆ ಕಲಿತದ್ದನ್ನು ಮುಂದಿನದು ಕೈಬಿಟ್ಟಿದೆ, ಅದರ ಬೆಲೆಯನ್ನು ರೋಗಿಗಳು ತೆತ್ತಿದ್ದಾರೆ.

‘ಶೆಲ್ ಶಾಕ್’ ಎಂಬ ಹೆಸರು ವೈದ್ಯಕೀಯ ಪತ್ರಿಕೆಗೆ ಬಂದದ್ದು 1915ರ ಫೆಬ್ರುವರಿಯಲ್ಲಿ. ಮನೋವಿಜ್ಞಾನಿ ಚಾರ್ಲ್ಸ್ ಮೈಯರ್ಸ್ ‘ದಿ ಲ್ಯಾನ್ಸೆಟ್’ನಲ್ಲಿ ಮೂವರು ಸೈನಿಕರ ಪ್ರಕರಣಗಳನ್ನು ವಿವರಿಸಿದರು. ಸಿಡಿಗುಂಡಿನ ಹೊಡೆತಕ್ಕೆ ನರಮಂಡಲ ಅದುರಿ ಹೀಗಾಗುತ್ತದೆ ಎಂದು ಮೊದಮೊದಲು ಹಲವರು ನಂಬಿದ್ದರು. ಆದರೆ ಸಿಡಿಗುಂಡು ಹತ್ತಿರವೂ ಸುಳಿಯದವರಲ್ಲಿ ಅದೇ ನಡುಕ, ಅದೇ ಮೂಕತನ, ಅದೇ ಕುರುಡು ಕಾಣತೊಡಗಿತು. ಗಾಯ ಮೈಗಾದದ್ದಲ್ಲ ಎಂದಾದ ಮೇಲೆ ಸೇನೆಗೆ ಅನುಮಾನ ಶುರುವಾಯಿತು: ಇವನು ರೋಗಿಯೋ, ಹೇಡಿಯೋ? 1917ರಲ್ಲಿ ಬ್ರಿಟಿಷ್ ಸೇನೆ ಆ ಹೆಸರಿನ ಬಳಕೆಯನ್ನೇ ತಡೆಯಿತು. ಹೇಡಿತನ, ಪಲಾಯನದಂಥ ಆರೋಪ ಹೊರಿಸಿ ಗುಂಡಿಕ್ಕಿ ಕೊಂದ ತನ್ನ 306 ಸೈನಿಕರನ್ನು ಬ್ರಿಟನ್ ಕ್ಷಮಿಸಿದ್ದು 2006ರಲ್ಲಿ. ಅವರಲ್ಲಿ ಎಷ್ಟೋ ಮಂದಿಗೆ ಬೇಕಾಗಿದ್ದದ್ದು ವೈದ್ಯ.

ಚಿಕಿತ್ಸೆಯಲ್ಲೂ ದರ್ಜೆಯ ಭೇದವಿತ್ತು. ಲಂಡನ್ನಿನ ಕ್ವೀನ್ ಸ್ಕ್ವೇರ್ ಆಸ್ಪತ್ರೆಯಲ್ಲಿ ಲೂಯಿಸ್ ಯೀಲ್ಯಾಂಡ್ ಮಾತು ನಿಂತುಹೋದ ಸಾಮಾನ್ಯ ಸೈನಿಕರ ಗಂಟಲಿಗೆ ವಿದ್ಯುತ್ ಹಾಯಿಸುತ್ತಿದ್ದರು. ಒಂಬತ್ತು ತಿಂಗಳು ಮೂಕನಾಗಿದ್ದ ಯುವಕನೊಬ್ಬನನ್ನು ಕತ್ತಲ ಕೋಣೆಯಲ್ಲಿ ಬಾಗಿಲು ಹಾಕಿ, ಮಾತು ಬರುವ ತನಕ ಹೊರಗೆ ಬಿಡುವುದಿಲ್ಲವೆಂದು ಹೇಳಿ, ಗಂಟೆಗಟ್ಟಲೆ ಹೀಗೆ ನಡೆಸಿದ್ದನ್ನು ಅವರೇ 1918ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಯುವಕ ಮಾತಾಡಿದ. ಅವನು ಕಂಡ ಯುದ್ಧ ಅವನೊಳಗೆ ಏನಾಯಿತು ಎಂದು ಯಾರೂ ವಿಚಾರಿಸಲಿಲ್ಲ. ಲಿವರ್‌ಪೂಲ್ ಬಳಿಯ ಮ್ಯಾಗಲ್ ಆಸ್ಪತ್ರೆಯಂಥ ಕೆಲವೇ ಕಡೆ ಸಾಮಾನ್ಯ ಸೈನಿಕನ ಮಾತಿಗೂ ಕಿವಿಗೊಡುವ ವೈದ್ಯರಿದ್ದರು. ರಿವರ್ಸ್ ಈ ಕೆಲಸ ಕಲಿತದ್ದು ಅಲ್ಲೇ.

ಅವರ ಹೆಸರು ಉಳಿದದ್ದು ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್‌ನಿಂದ. ಜಲಚಿಕಿತ್ಸೆಯ ಹೋಟೆಲಾಗಿದ್ದ ಆ ಕಟ್ಟಡ 1916ರ ಅಕ್ಟೋಬರ್‌ನಲ್ಲಿ ಅಧಿಕಾರಿಗಳ ಆಸ್ಪತ್ರೆಯಾಯಿತು. ಅಲ್ಲಿ ಒಬ್ಬ ಅಧಿಕಾರಿಯನ್ನು ರಾತ್ರಿಯ ಕನಸು ಕಾಡುತ್ತಿತ್ತು. ಸ್ನೇಹಿತನನ್ನು ಹುಡುಕುತ್ತಾ ಹೋದವನಿಗೆ ಸಿಕ್ಕಿದ್ದು ಛಿದ್ರವಾದ ದೇಹ. ಕನಸಿನಲ್ಲಿ ಆ ರೂಪವೇ ಅವನ ಹತ್ತಿರ ಬರುತ್ತಿತ್ತು. ರಿವರ್ಸ್ ‘ಮರೆ’ ಎನ್ನಲಿಲ್ಲ. ಆ ನೆನಪನ್ನು ಅವನೊಂದಿಗೆ ಕೂತು ನೋಡಿದರು. ದೇಹ ಅಷ್ಟು ಚೂರಾಗಿದ್ದುದೇ ಸಾವು ಒಂದು ಕ್ಷಣದಲ್ಲಿ ಬಂತೆಂಬುದಕ್ಕೆ, ಗೆಳೆಯ ನರಳಲಿಲ್ಲವೆಂಬುದಕ್ಕೆ ಸಾಕ್ಷಿ ಎಂದು ತೋರಿಸಿದರು. ಹಲವು ರಾತ್ರಿ ಕನಸು ಬರಲಿಲ್ಲ. ಆಮೇಲೆ ಒಂದು ರಾತ್ರಿ ಬಂದಾಗ ಅವನು ಗೆಳೆಯನ ಪಕ್ಕ ಮಂಡಿಯೂರಿದ. ಎದ್ದಾಗ ಉಳಿದದ್ದು ದುಃಖ, ಭೀತಿಯಲ್ಲ.

ಸೋತ ಪ್ರಕರಣವನ್ನೂ ರಿವರ್ಸ್ ಅದೇ ಪ್ರಬಂಧದಲ್ಲಿ ಮುಚ್ಚಿಡದೆ ಹೇಳಿದರು. ಸ್ಫೋಟದ ಹೊಡೆತಕ್ಕೆ ಎಸೆಯಲ್ಪಟ್ಟ ಇನ್ನೊಬ್ಬನ ಮುಖ, ಸತ್ತು ದಿನಗಳಾಗಿದ್ದ ಜರ್ಮನ್ ಸೈನಿಕನ ಹೊಟ್ಟೆಯ ಮೇಲೆ ಬಿದ್ದಿತ್ತು. ಆ ರುಚಿ, ಆ ವಾಸನೆ ಅವನನ್ನು ಬಿಡಲಿಲ್ಲ. ಇಂಥ ನೆನಪಿನಲ್ಲಿ ಹಿಡಿದುಕೊಳ್ಳಲು ಒಂದು ಎಳೆಯೂ ಸಿಗದಾಗ ರಿವರ್ಸ್ ಅವನನ್ನು ಇನ್ನಷ್ಟು ಕೆದಕಲಿಲ್ಲ. ಸೇನೆ ಬಿಟ್ಟು ಹಳ್ಳಿಗಾಡಿನ ಬದುಕಿಗೆ ಹೋಗಲು ಬಿಟ್ಟರು. ಎಲ್ಲರಿಗೂ ಒಂದೇ ಮದ್ದು ಅರೆಯದ ಈ ವಿವೇಕ ಅವರ ಗೆಲುವಿನಷ್ಟೇ ದೊಡ್ಡದು.

ಅದೇ ಆಸ್ಪತ್ರೆಯ ಆರ್ಥರ್ ಬ್ರಾಕ್ ಅವರ ದಾರಿ ಬೇರೆ. ಕಡಿದುಹೋದ ಸಂಬಂಧಗಳನ್ನು ಕೆಲಸವೇ ಮತ್ತೆ ಕೂಡಿಸುತ್ತದೆ ಎಂದು ನಂಬಿ ಅವರು ರೋಗಿಗಳನ್ನು ತೋಟಕ್ಕೆ, ಪಾಠ ಹೇಳಲು, ಪತ್ರಿಕೆ ನಡೆಸಲು ಹಚ್ಚುತ್ತಿದ್ದರು. ಅವರ ರೋಗಿ, ಕವಿ ವಿಲ್ಫ್ರೆಡ್ ಓವೆನ್ ಆಸ್ಪತ್ರೆಯ ಪತ್ರಿಕೆ ‘ದಿ ಹೈಡ್ರಾ’ದ ಸಂಪಾದಕನಾದ. ಆದರೆ ಈ ಎಲ್ಲ ಆರೈಕೆಯ ಗುರಿ ಅಧಿಕಾರಿಯನ್ನು ರಣರಂಗಕ್ಕೆ ಮರಳಿಸುವುದು. ಓವೆನ್ ಮರಳಿದ, ಕದನ ನಿಲ್ಲುವುದಕ್ಕೆ ಒಂದು ವಾರ ಮೊದಲು, 1918ರ ನವೆಂಬರ್ 4ರಂದು ಸತ್ತ.

ಈ ರಿವರ್ಸ್ ನಮಗೆ ತೀರ ಪರಕೀಯರಲ್ಲ. 1901–02ರಲ್ಲಿ ಅವರು ನೀಲಗಿರಿಯಲ್ಲಿ ತೊದವರ ನಡುವೆ ಇದ್ದರು. 1906ರಲ್ಲಿ ‘ದಿ ತೊದಾಸ್’ ಗ್ರಂಥ ಪ್ರಕಟಿಸಿದರು. ಕನ್ನಡಕ್ಕೆ ಹತ್ತಿರದ ನುಡಿಯ ಬಡಗರು ತೊದವರ ನೆರೆಯವರು. ತೊದವರಲ್ಲಿ ಸತ್ತವರಿಗೆ ಎರಡು ಸಲ ಅಂತ್ಯವಿಧಿ ನಡೆಯುತ್ತಿತ್ತು: ದೇಹ ಸುಡುವಾಗ ಒಂದು, ದಿನಗಳು ಕಳೆದ ಮೇಲೆ ಮತ್ತೊಂದು. ಅಲ್ಲಿ ನೆರೆದವರು ಜೋಡಿಜೋಡಿಯಾಗಿ ಹಣೆಗೆ ಹಣೆ ಹಚ್ಚಿ ಕೂತು ಅಳುವುದನ್ನು ರಿವರ್ಸ್ ದಾಖಲಿಸಿದ್ದಾರೆ. ನೀಲಗಿರಿಯಲ್ಲಿ ಕಂಡದ್ದನ್ನೇ ಎಡಿನ್‌ಬರೋದಲ್ಲಿ ಮಾಡಿದರು ಎಂದು ಗಂಟು ಹಾಕುವುದು ದುಡುಕಾದೀತು. ಆದರೂ ಕುಲ ಕುಟುಂಬಗಳ ಕಥೆಯನ್ನು ಅವಸರವಿಲ್ಲದೆ ಕೇಳಿಸಿಕೊಳ್ಳುತ್ತಾ ಅಲ್ಲಿ ಪಳಗಿದ ಕಿವಿಯೇ ಇಲ್ಲೂ ಕೆಲಸ ಮಾಡಿತು ಎನ್ನಲು ಅಡ್ಡಿಯಿಲ್ಲ.

1922ರಲ್ಲಿ ರಿವರ್ಸ್ ತೀರಿಕೊಂಡರು. ಪಾಠವೂ ಮಸುಕಾಯಿತು. ಎರಡನೇ ಮಹಾಯುದ್ಧದ ವೈದ್ಯರು ಬಹಳಷ್ಟನ್ನು ಹೊಸದಾಗಿ ಕಲಿಯಬೇಕಾಯಿತು. ಮುಂದಿನ ದೊಡ್ಡ ತಿರುವು ತಂದವರು ರೋಗಿಗಳೇ. 1970ರ ಹೊತ್ತಿಗೆ ನ್ಯೂಯಾರ್ಕ್‌ನಲ್ಲಿ ವಿಯೆಟ್ನಾಂನಿಂದ ಮರಳಿದ ಸೈನಿಕರು ಸುತ್ತ ಕೂತು ಪರಸ್ಪರ ಹೇಳಿಕೊಳ್ಳತೊಡಗಿದರು. ರಾಬರ್ಟ್ ಲಿಫ್ಟನ್, ಚೈಮ್ ಶಾಟನ್ ಎಂಬ ಮನೋವೈದ್ಯರು ಅವರ ಜೊತೆ ಕೂತರು. 1974ರಲ್ಲಿ ಆನ್ ಬರ್ಜೆಸ್ ಮತ್ತು ಲಿಂಡಾ ಹೋಮ್‌ಸ್ಟ್ರಾಮ್ ಬಾಸ್ಟನ್ನಿನ ಆಸ್ಪತ್ರೆಗೆ ಬಂದ ಅತ್ಯಾಚಾರ ಸಂತ್ರಸ್ತೆಯರಲ್ಲಿ ಇಂಥದೇ ನೋವನ್ನು ಗುರುತಿಸಿದರು. ಯುದ್ಧಕ್ಕೆ ಹೋಗದ ಹೆಣ್ಣಿನ ಒಳಗೂ ಯುದ್ಧದ ಗಾಯವಿರಬಹುದು ಎಂದು ವೈದ್ಯಲೋಕ ಒಪ್ಪಲು ಇಷ್ಟು ಕಾಲ ಬೇಕಾಯಿತು. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಪಿಟಿಎಸ್‌ಡಿಯನ್ನು ತನ್ನ ರೋಗಪಟ್ಟಿಗೆ ಸೇರಿಸಿತು.

ಹೆಸರು ಸಿಕ್ಕ ಮೇಲೆ ಚಿಕಿತ್ಸೆಗಳು ಒಂದರ ಹಿಂದೆ ಒಂದು ಬಂದವು. ಎಡ್ನಾ ಫೋವಾ ರೂಪಿಸಿದ ವಿಧಾನದಲ್ಲಿ ರೋಗಿ ಸುರಕ್ಷಿತ ಕೋಣೆಯಲ್ಲಿ ನಡೆದದ್ದನ್ನು ಮತ್ತೆ ಮತ್ತೆ ಹೇಳುತ್ತಾರೆ, ತಾವು ದೂರವಿಟ್ಟ ಜಾಗಗಳಿಗೆ ಹಂತಹಂತವಾಗಿ ಹೋಗುತ್ತಾರೆ. ಪೆಟ್ರೀಷಿಯಾ ರೆಸಿಕ್ ಅವರ ವಿಧಾನ ‘ತಪ್ಪು ನನ್ನದೇ’ ಎಂಬಂಥ ಯೋಚನೆಗಳನ್ನು ಹಿಡಿದು ಪರೀಕ್ಷಿಸುತ್ತದೆ. ಫ್ರಾನ್ಸಿನ್ ಶಪೀರೋ 1989ರಲ್ಲಿ ಪ್ರಕಟಿಸಿದ ಇಎಂಡಿಆರ್‌ನಲ್ಲಿ ನೆನಪನ್ನು ಮನಸ್ಸಿನಲ್ಲಿಟ್ಟುಕೊಂಡೇ ಕಣ್ಣನ್ನು ಆಚೀಚೆ ಚಲಿಸಬೇಕು. ಅದು ಗುಣ ಕೊಡುತ್ತದೆ. ಕಣ್ಣಿನ ಚಲನೆಯ ಪಾತ್ರವೆಷ್ಟು ಎಂಬ ಚರ್ಚೆ ಮುಗಿದಿಲ್ಲ. ಸರ್ಟ್ರಲಿನ್‌ನಂಥ ಮಾತ್ರೆಗಳೂ ಇವೆ. ಇದೇ ಕಾಲದಲ್ಲಿ ಒಂದು ಅತಿರೇಕವೂ ನಡೆಯಿತು: ದುರಂತ ನಡೆದ ಕೂಡಲೇ ಬದುಕುಳಿದವರನ್ನು ಕೂರಿಸಿ ಎಲ್ಲವನ್ನೂ ಒಮ್ಮೆಗೇ ಹೇಳಿಸುವ ಪದ್ಧತಿ. ಅಂಥ ಒಂದೇ ಬೈಠಕ್ಕು ಕಾಯಿಲೆಯನ್ನು ತಡೆಯುವುದಿಲ್ಲ, ಕೆಲವರಿಗೆ ಕೆಡುಕೂ ಮಾಡೀತು ಎಂದು ಅಧ್ಯಯನಗಳು ತೋರಿಸಿದವು. ಬಾಯಿ ಮುಚ್ಚಿಸುವುದು ತಪ್ಪಾದಂತೆ, ಬಾಯಿ ಬಿಡಿಸುವ ಅವಸರವೂ ತಪ್ಪೇ.

ಬೆಂಗಳೂರಿನ ಅಧ್ಯಾಯ ಬೆಂಕಿಯಿಂದ ಶುರುವಾಗುತ್ತದೆ. 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್‌ನ ಡೇರೆ ಹೊತ್ತಿ ಉರಿದು 92 ಮಂದಿ ಸತ್ತರು, ಬಹುಪಾಲು ಮಕ್ಕಳು. ಅಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ನ ತಂಡ ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡವರ ಶೋಕವನ್ನು ಅಧ್ಯಯನ ಮಾಡಿತು. ದುರಂತದ ಲೆಕ್ಕ ಎಂದರೆ ಹೆಣಗಳ ಎಣಿಕೆ, ಪರಿಹಾರದ ಮೊತ್ತ ಎಂದಷ್ಟೇ ತಿಳಿದಿದ್ದ ದೇಶದಲ್ಲಿ ಉಳಿದವರ ಮನಸ್ಸಿನ ಕಡೆ ತಿರುಗಿದ ಮೊದಲ ನೋಟಗಳಲ್ಲಿ ಅದೂ ಒಂದು.

1984ರ ಡಿಸೆಂಬರ್‌ನಲ್ಲಿ ಭೋಪಾಲದ ಅನಿಲ ದುರಂತ. ಶ್ವಾಸಕೋಶ, ಕಣ್ಣುಗಳ ಚಿಕಿತ್ಸೆಗೆ ಸಾಲುಗಟ್ಟಿದವರಲ್ಲಿ ಐವರಿಗೊಬ್ಬರಂತೆ ಮಾನಸಿಕ ತೊಂದರೆಯಿಂದ ನರಳುತ್ತಿದ್ದುದು ಸಮೀಕ್ಷೆಗಳಲ್ಲಿ ಕಂಡಿತು. ಅಷ್ಟು ಜನಕ್ಕೆ ಮನೋವೈದ್ಯರನ್ನು ಎಲ್ಲಿಂದ ತರುವುದು? ನಿಮ್ಹಾನ್ಸ್‌ನ ಆರ್. ಶ್ರೀನಿವಾಸಮೂರ್ತಿ ಮತ್ತು ಅವರ ಸಹೋದ್ಯೋಗಿಗಳು 1985ರಲ್ಲಿ ಅಲ್ಲಿನ ಸಾಮಾನ್ಯ ವೈದ್ಯರಿಗೇ ತರಬೇತಿ ಕೊಟ್ಟರು, ಕೈಪಿಡಿ ಬರೆದರು. ಈ ಧೈರ್ಯದ ಹಿಂದೆ ಬನ್ನೇರುಘಟ್ಟ ರಸ್ತೆಯ ಕಡೆಯ ಸಕಲವಾರ ಎಂಬ ಹಳ್ಳಿಯಿತ್ತು. ಅಲ್ಲಿನ ಕೇಂದ್ರದಲ್ಲಿ ನಿಮ್ಹಾನ್ಸ್ 1970ರ ದಶಕದಿಂದಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರು, ಕಾರ್ಯಕರ್ತರಿಗೆ ಮನಸ್ಸಿನ ಕಾಯಿಲೆ ಗುರುತಿಸುವುದನ್ನು ಕಲಿಸುತ್ತಾ ಬಂದಿತ್ತು. ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಅದರ ವಿಸ್ತರಣೆಯೇ 1996ರಲ್ಲಿ ಶುರುವಾದ ರಾಷ್ಟ್ರೀಯ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿ.

1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ ಬಂದಾಗ ಈ ಕೆಲಸ ವೈದ್ಯರನ್ನೂ ದಾಟಿ ಊರಿನ ಜನರ ಕೈಗೆ ಬಂತು. ಕೆ. ಶೇಖರ್ ಮತ್ತು ಜೊತೆಗಾರರು ಸ್ವಯಂಸೇವಕರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ ಕಲಿಸಿದ್ದು ಸರಳ ಸಂಗತಿಗಳು: ಮನಸ್ಸು ಬಿಚ್ಚಲು ಎಡೆ ಕೊಡುವುದು, ಮೈಯೆಲ್ಲ ಕಿವಿಯಾಗಿ ಕೇಳುವುದು, ನೆರೆಹೊರೆಯ ಆಸರೆ ಕಟ್ಟುವುದು, ಕೈಗೆ ಕೆಲಸ, ಆಟ, ವಿಶ್ರಾಂತಿ, ಪೂಜೆ ಪ್ರಾರ್ಥನೆ. ಕ್ರೇಗ್‌ಲಾಕ್‌ಹಾರ್ಟ್‌ನಲ್ಲಿ ರಿವರ್ಸ್ ಮತ್ತು ಬ್ರಾಕ್ ಅಧಿಕಾರಿಗಳಿಗೆ ಮಾತ್ರ ಕೊಡಬಲ್ಲವರಾಗಿದ್ದದ್ದು ಕಡಲದಂಡೆಯ ಮೀನುಗಾರ್ತಿಗೆ ತಲುಪಿತು.

ಇದು ಮೊದಲ ಆರೈಕೆ ಮಾತ್ರ. ತಿಂಗಳುಗಳು ಕಳೆದರೂ ಬೆಚ್ಚಿಬೀಳುವುದು ನಿಲ್ಲದವರಿಗೆ ಫೋವಾ ಅವರಂಥ ಚಿಕಿತ್ಸೆ ಬೇಕು. ಅದಕ್ಕೆ ವಾರಕ್ಕೊಮ್ಮೆ ಸುಮಾರು ತೊಂಬತ್ತು ನಿಮಿಷ, ಎಂಟರಿಂದ ಹದಿನೈದು ಬಾರಿ ಕೂರಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡುವವರು ಸಿಗುತ್ತಾರೆ. ಆದರೆ ಬೆಂಗಳೂರು, ಧಾರವಾಡದಂಥ ಊರುಗಳ ಆಚೆ ಪಳಗಿದ ಚಿಕಿತ್ಸಕರು ಸಿಗುವುದು ಕಷ್ಟ. ಕೂಲಿ ಬಿಟ್ಟು ಪ್ರತಿವಾರ ಬಸ್ಸು ಹತ್ತುವುದು ಇನ್ನೂ ಕಷ್ಟ. ಉಗಾಂಡದ ನಕಿವಾಲೆ ನಿರಾಶ್ರಿತರ ನೆಲೆಯಲ್ಲಿ ಬದುಕಿನ ಕಥೆಯನ್ನು ಮೊದಲಿನಿಂದ ಹೇಳಿಸುವ ಚಿಕಿತ್ಸೆಯನ್ನು ನಿರಾಶ್ರಿತರೇ ತರಬೇತಿ ಪಡೆದು ನಡೆಸಿದ್ದಾರೆ, ಅದು ಫಲಿಸಿದ್ದು 2008ರಲ್ಲಿ ಪ್ರಕಟವಾಗಿದೆ. ಸಕಲವಾರದಲ್ಲಿ ಪಾಠ ಶುರುಮಾಡಿದ ರಾಜ್ಯದಲ್ಲಿ ಊರೂರಿಗೂ ಆಶಾ ಕಾರ್ಯಕರ್ತೆಯರಿದ್ದಾರೆ. ಅವರಲ್ಲಿ ಒಲವಿದ್ದವರಿಗೆ ಸರಿಯಾದ ಸಂಬಳ ಕೊಟ್ಟು, ಮೇಲ್ವಿಚಾರಣೆಯ ಆಸರೆ ಕೊಟ್ಟು ಕಥೆ ಹೇಳಿಸುವ ಈ ಎರಡನೇ ಪಾಠ ಕಲಿಸುವ ಕೆಲಸವನ್ನು ತಾಲ್ಲೂಕು ಆಸ್ಪತ್ರೆಗಳಿಂದಲೇ ಶುರುಮಾಡಬಹುದು.