ಸಿಗಡಿಯ ಬಂಧುಬಳಗ

ಸಿಗಡಿಯ ನೆಂಟರು ಯಾರು? ಅಡಿಗೆಮನೆಯಲ್ಲಿ ಹುಟ್ಟುವ ಪ್ರಶ್ನೆ ಇದಲ್ಲ. ಆದರೂ ಒಂದೂವರೆ ಶತಮಾನದಿಂದ ಪಂಡಿತರನ್ನು ಕಾಡುತ್ತ ಬಂದಿದೆ.

ಜರ್ಮನಿಯಿಂದ ಬ್ರೆಜಿಲಿಗೆ ವಲಸೆ ಹೋಗಿ ಡೆಸ್ಟೆರೊ ಎಂಬ ಕಡಲೂರಿನಲ್ಲಿ ಉಪಾಧ್ಯಾಯನಾಗಿದ್ದ ಫ್ರಿಟ್ಸ್ ಮುಲ್ಲರ್, ಅಲ್ಲಿನ ನೀರಿನಲ್ಲಿ ಸಿಗಡಿಯ ಎಳೆಯ ಮರಿಯನ್ನು ಕಂಡ. ಒಂಟಿ ಕಣ್ಣು, ಮೂರು ಜೊತೆ ಅವಯವ. ಬಂಡೆಗೆ ಕಚ್ಚಿಕೊಂಡು ಬಾಳುವ ಬಾರ್ನಕಲ್ ಜೀವಿಯ ಮರಿಯೂ ಇದೇ ರೂಪದ್ದು. ಬೆಳೆದ ಮೇಲೆ ಒಂದನ್ನೊಂದು ಹೋಲದ ಇವೆರಡರ ಮೂಲ ಒಂದೇ ಎಂದು ಅವನು 1864ರಲ್ಲಿ ಪುಟ್ಟ ಪುಸ್ತಕವೊಂದನ್ನು ಬರೆದ. ಅದನ್ನು 1869ರಲ್ಲಿ ಇಂಗ್ಲಿಷಿಗೆ ತರಿಸಲು ಡಾರ್ವಿನ್ ತನ್ನ ಕೈಯಿಂದಲೇ ಹಣ ಹಾಕಿದ. ಸಿಗಡಿಯ ಮರಿಗೆ ಅಷ್ಟು ಬೆಲೆ ತೆತ್ತವರು ಬೇರೆ ಯಾರಿದ್ದಾರೋ ಕಾಣೆ!

ಆಮೇಲೆ ಬಹುಕಾಲ ಕಿವಿರು, ಕಾಲು, ಮೊಟ್ಟೆಗಳ ಪರೀಕ್ಷೆಯೇ ನಡೆಯಿತು. 2000ದಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಬೇರೊಂದು ದಫ್ತರವನ್ನೇ ಬಿಚ್ಚಿದರು. ಜೀವಕೋಶಕ್ಕೆ ಶಕ್ತಿಯೊದಗಿಸುವ ಮೈಟೊಕಾಂಡ್ರಿಯ ಎಂಬ ಕಣಗಳೊಳಗೆ ಬಳೆಯಾಕಾರದ ಪುಟ್ಟ ಡಿಎನ್‌ಎ ಇದೆ. ಅದು ಸಾಮಾನ್ಯವಾಗಿ ತಾಯಿಯಿಂದಲೇ ಬರುವಂಥದು. ತುಳುನಾಡಿನ ಅಳಿಯಸಂತಾನದವರಂತೆ ತಾಯಿಯ ಕಡೆಯಿಂದ ವಂಶ ಎಣಿಸುವ ದಾಖಲೆ ಎನ್ನೋಣ. ಟೈಗರ್ ಸಿಗಡಿಯ ಈ ಬಳೆಯಲ್ಲಿ 15,984 ಅಕ್ಷರಗಳು, 37 ಜೀನುಗಳು. ಅವು ನಿಂತಿರುವ ಸಾಲು 1985ರಲ್ಲಿ ಪ್ರಕಟವಾಗಿದ್ದ ಡ್ರಾಸೊಫಿಲ ನೊಣದ ಸಾಲಿನಂತೆಯೇ! ಕಡಲ ಸಿಗಡಿಗೂ ಕೊಳೆತ ಹಣ್ಣಿಗೆ ಮುತ್ತುವ ನೊಣಕ್ಕೂ ಈ ಮಟ್ಟಿನ ಹೋಲಿಕೆ. ಜೀನುಗಳ ಅಕ್ಷರಗಳನ್ನೂ ತಾಳೆನೋಡಿದ ಅವರು, ಸಿಗಡಿಯ ಬಳಗವೇ ಕೀಟಗಳಿಗೆ ಸೋದರ ಬಳಗವಿರಬಹುದು ಎಂದರು.

ಇಲ್ಲಿ ನನ್ನ ಮನಸ್ಸು ತುಸು ಹಿಂಜರಿಯುತ್ತದೆ. ಅಜ್ಜನ ಕಾಲದ ಪೆಟ್ಟಿಗೆ ಎರಡು ಮನೆಗಳಲ್ಲಿ ಉಳಿದಿದ್ದರೆ ಆ ಎರಡು ಮನೆಯವರೂ ಅಣ್ಣತಮ್ಮಂದಿರೇ ಆಗಬೇಕೆಂದಿಲ್ಲ. ಡಾಫ್ನಿಯ ಎಂಬ ನೀರುಚಿಗಟದಲ್ಲಿಯೂ ಇದೇ ಸಾಲು ಇದೆ. ಅಕ್ಷರಗಳ ಸಾಕ್ಷ್ಯವಾದರೂ ಎಷ್ಟು? ಮೂವತ್ತೇಳೇ ಜೀನುಗಳು, ಅವೂ ಬೇಗ ಬದಲಾಗುವಂಥವು.

2010ರಲ್ಲಿ ಕೋಶಕೇಂದ್ರದ 62 ಜೀನುಗಳನ್ನು 75 ಜಾತಿಯ ಸಂಧಿಪದಿಗಳಲ್ಲಿ ಹೋಲಿಸಿದರು. ಕೀಟಗಳು ಸಿಗಡಿ, ಏಡಿಗಳ ದೊಡ್ಡ ವಂಶದೊಳಗಿಂದಲೇ ಕವಲೊಡೆದವು ಎಂಬ ಮಾತು ನಿಂತಿತು. ಸಿಗಡಿಯ ಸೋದರಸ್ಥಾನ ಮಾತ್ರ ಹೋಯಿತು. ಅದು ಸಂದದ್ದು ರೆಮಿಪೀಡ್ ಮೊದಲಾದವುಗಳಿಗೆ. ರೆಮಿಪೀಡ್‌ಗಳೆಂದರೆ ನೀರು ತುಂಬಿದ ಗುಹೆಗಳ ಕತ್ತಲಲ್ಲಿ ಈಜುವ ಕಣ್ಣಿಲ್ಲದ ಜೀವಿಗಳು. ಬಹಾಮ ದ್ವೀಪಗಳ ಗುಹೆಯೊಂದರಲ್ಲಿ 1979ರಲ್ಲಿ ಕಣ್ಣಿಗೆ ಬೀಳುವವರೆಗೆ, ಅವು ಜೀವಂತ ಇರುವುದೇ ಯಾರಿಗೂ ಗೊತ್ತಿರಲಿಲ್ಲ.