ಕರಿಬೇವಿನ ಹುಳು, ಖರ್ಜೂರದ ಬೀಜ

ಯುಗಾದಿ ಹತ್ತಿರ ಬಂತೆಂದರೆ ಹಿತ್ತಿಲ ಕರಿಬೇವು ಚಿಗುರುತ್ತದೆ, ಚಿಗುರಿನ ಬೆನ್ನಿಗೇ ಹುಳುವೂ ಬರುತ್ತದೆ. ಒಗ್ಗರಣೆಗೆಂದು ಎಸಳು ಮುರಿಯಲು ಹೋದವರು ಎಲೆಯ ಮೇಲೆ ಹಕ್ಕಿಯ ಹಿಕ್ಕೆ ಬಿದ್ದಿದೆ ಎಂದುಕೊಂಡು ಕೈ ಹಿಂದೆಗೆಯುತ್ತೇವೆ. ಕೆಲವು ದಿನ ಬಿಟ್ಟು ನೋಡಿದರೆ ಆ ಹಿಕ್ಕೆಯೇ ದಪ್ಪನೆಯ ಹಸಿರು ಹುಳುವಾಗಿ ಗಿಡವನ್ನು ಬೋಳಿಸುತ್ತಾ ಕೂತಿರುತ್ತದೆ! ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ಘಾಟು ಬಿಡುತ್ತದೆ. ನಿಂಬೆ ಗಿಡದಲ್ಲೂ ಇದೇ ಕಥೆ. ಕರಿಬೇವು, ನಿಂಬೆ ಎರಡೂ ಒಂದೇ ಕುಟುಂಬದವು. ಆ ನಂಟು ನಿಂಬೆ ಚಿಟ್ಟೆಗೆ ಗೊತ್ತು. ಬೀದಿ ಬದಿಯ ಎಕ್ಕದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಅದರ ಸಂಸಾರವೇ ಬೇರೆ. ಹುಳು ಯಾವುದೆಂದು ಗುರುತಿಸಬೇಕಾದರೆ ಮೊದಲು ಅದು ಕೂತ ಗಿಡ ಯಾವುದೆಂದು ಕೇಳಬೇಕು.

ಈಗ ಇದು ಯಾವ ಚಿಟ್ಟೆ ಪುಸ್ತಕ ತೆರೆದರೂ ಸಿಗುವ ಮಾತು. ಆದರೆ ಮುನ್ನೂರೈವತ್ತು ವರ್ಷಗಳ ಹಿಂದೆ ಯುರೋಪಿನಲ್ಲಿ ಹುಳುಹುಪ್ಪಟೆಗಳು ಕೆಸರಿನಿಂದ, ಸಗಣಿಯಿಂದ, ಕೊಳೆತ ಪದಾರ್ಥದಿಂದ ತಾವಾಗಿಯೇ ಹುಟ್ಟುತ್ತವೆಂದು ಓದಿದವರೂ ನಂಬಿದ್ದರು. ಮುಚ್ಚಿಟ್ಟ ಮಾಂಸದಲ್ಲಿ ಹುಳು ಬೀಳುವುದಿಲ್ಲವೆಂದು ಇಟಲಿಯ ರೆಡಿ ಎಂಬ ವೈದ್ಯ ತೋರಿಸಿಕೊಟ್ಟದ್ದು 1668ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲೇ ಜರ್ಮನಿಯ ಫ್ರಾಂಕ್‌ಫರ್ಟ್ ಪಟ್ಟಣದಲ್ಲಿ ಹದಿಮೂರು ವರ್ಷದ ಹುಡುಗಿಯೊಬ್ಬಳು ರೇಷ್ಮೆಹುಳು ಸಾಕಿ, ಅದರ ಒಂದೊಂದು ಅವಸ್ಥೆಯನ್ನೂ ಗಮನಿಸತೊಡಗಿದ್ದಳು. ಆಕೆಯ ಹೆಸರು ಮರಿಯಾ ಸಿಬಿಲ್ಲಾ ಮೇರಿಯನ್, ಹುಟ್ಟಿದ್ದು 1647ರಲ್ಲಿ.

ಇದನ್ನು ಓದಿದಾಗ ನನಗೆ ನೆನಪಾದದ್ದು ಶಿಡ್ಲಘಟ್ಟದ ಕಡೆಯ ನನ್ನ ಚಿಕ್ಕಮ್ಮ. ಓದು ಬರಹ ಹೆಚ್ಚಿಲ್ಲದ ಚಿಕ್ಕಮ್ಮ ತಟ್ಟೆಯ ಮೇಲೊಮ್ಮೆ ಕಣ್ಣಾಡಿಸಿ, "ಇವು ಮೂರನೇ ಜ್ವರಕ್ಕೆ ಕೂತವೆ, ಸೊಪ್ಪು ಹಾಕಬೇಡ" ಎನ್ನುತ್ತಿದ್ದಳು. ಹುಳು ಪೊರೆ ಬಿಡುವುದಕ್ಕೆ ನಮ್ಮ ರೇಷ್ಮೆ ಸೀಮೆಯಲ್ಲಿ ಜ್ವರ ಎಂದೇ ಹೆಸರು. ನಾಲ್ಕು ಜ್ವರ ದಾಟಿ, ಮೈ ತಿಳಿಯಾಗಿ ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವಾಗ ಅವಳ ಕೈ ತಪ್ಪಿದ್ದೇ ಇಲ್ಲ. ಅಷ್ಟೆಲ್ಲ ತಿಳಿದಿದ್ದ ಅವಳು ಅದನ್ನೊಂದು ವಿದ್ಯೆ ಎಂದುಕೊಂಡಿರಲಿಲ್ಲ. ನಾವೂ ಅಂದುಕೊಳ್ಳಲಿಲ್ಲ, ಬರೆದಿಡಲೂ ಇಲ್ಲ.

ಮೇರಿಯನ್ ಬರೆದಿಟ್ಟಳು. ಮಲತಂದೆ ಚಿತ್ರಕಾರ, ಮನೆಯಲ್ಲಿ ಬಣ್ಣ ಕುಂಚಗಳಿಗೆ ಕೊರತೆಯಿರಲಿಲ್ಲ. ಮದುವೆಯಾಗಿ ನ್ಯೂರೆಂಬರ್ಗಿಗೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಚಿತ್ರ, ಕಸೂತಿ ಕಲಿಸುತ್ತಾ, ತನ್ನ ಎರಡು ಮಕ್ಕಳನ್ನು ಬೆಳೆಸುತ್ತಾ, ವಸಂತ ಬಂತೆಂದರೆ ತೋಟ, ಬೇಲಿಸಾಲುಗಳಲ್ಲಿ ಹುಳು ಹುಡುಕುತ್ತಿದ್ದಳು. ಕಂಡ ಹುಳುವನ್ನು ಅದು ತಿನ್ನುತ್ತಿದ್ದ ಎಲೆಯ ಸಮೇತ ಮನೆಗೆ ತಂದು ಸಾಕುವುದು, ಯಾವ ತಿಂಗಳಲ್ಲಿ ಗೂಡು ಕಟ್ಟಿತು, ಎಷ್ಟು ದಿನಕ್ಕೆ ರೆಕ್ಕೆ ಬಂತು ಎಂದು ಗುರುತು ಹಾಕುವುದು. ಮನೆಗೆ ಬಂದವರು ಏನೆಂದುಕೊಂಡರೋ! ನಾನೊಮ್ಮೆ ಎರಡು ಕರಿಬೇವಿನ ಹುಳುಗಳನ್ನು ಹಾರ್ಲಿಕ್ಸ್ ಬಾಟಲಿಯಲ್ಲಿ ಇಟ್ಟದ್ದಕ್ಕೇ ನಮ್ಮ ಅತ್ತೆ ಒಂದು ವಾರ ಅಡುಗೆಮನೆಯ ಆ ಮೂಲೆಗೆ ಹೋಗಲಿಲ್ಲ.

1679ರಲ್ಲಿ ಆಕೆಯ ಮೊದಲ ಕಂಬಳಿಹುಳು ಪುಸ್ತಕ ಬಂತು. ಅದರಲ್ಲಿ ಐವತ್ತು ಚಿತ್ರಫಲಕಗಳು. ಮೊದಲನೆಯದೇ ಹಿಪ್ಪುನೇರಳೆ ಮತ್ತು ರೇಷ್ಮೆಹುಳು. ಎಷ್ಟೋ ಹಾಳೆಗಳಲ್ಲಿ ಮೊಟ್ಟೆ, ಹುಳು, ಕೋಶ, ಚಿಟ್ಟೆ ಎಲ್ಲವೂ ಅದು ಬದುಕುವ ಗಿಡದ ಮೇಲೆಯೇ ಕೂತಿವೆ. ಹಿಂದಿನವರು ಚಿಟ್ಟೆಗಳನ್ನು ಅಂಗಡಿಯ ಸಾಮಾನಿನಂತೆ ಸಾಲಾಗಿ ಜೋಡಿಸಿ ಬರೆಯುತ್ತಿದ್ದರು. ಮೇರಿಯನ್ ಅವುಗಳಿಗೆ ಮನೆ ಕೊಟ್ಟಳು. ಗುಲಾಬಿ, ಟ್ಯೂಲಿಪ್‌ಗಳ ಜೊತೆ ಯಾರೂ ಲೆಕ್ಕಕ್ಕಿಡದ ಡ್ಯಾಂಡೆಲಿಯನ್ ಎಂಬ ಹಳದಿ ಕಾಡುಹೂವಿಗೂ ಅಲ್ಲಿ ಜಾಗವಿತ್ತು. ವಿದ್ವಾಂಸರ ಲ್ಯಾಟಿನ್ ಬಿಟ್ಟು ಮನೆಮಾತು ಜರ್ಮನ್‌ನಲ್ಲಿ ಬರೆದಳು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಆಕೆ ಕಂಡುಕೊಂಡ ಹೆಸರುಗಳು. ಚಿಟ್ಟೆಗೆ ಬೇಸಿಗೆಯ ಪುಟ್ಟ ಹಕ್ಕಿ ಎಂದಳು, ಕೋಶಕ್ಕೆ ಖರ್ಜೂರದ ಬೀಜ! ಅಡುಗೆಮನೆ ಕಂಡವರಿಗಲ್ಲದೆ ಇನ್ನಾರಿಗೆ ಹೊಳೆದೀತು?

ಮುಂದೆ ಗಂಡನನ್ನು ಬಿಟ್ಟು ಹೊರಟಳು. ಕೆಲವು ವರ್ಷ ಒಂದು ಧಾರ್ಮಿಕ ಸಮುದಾಯದಲ್ಲಿದ್ದು, 1691ರಲ್ಲಿ ಮಕ್ಕಳೊಂದಿಗೆ ಆಮ್‌ಸ್ಟರ್‌ಡ್ಯಾಮಿಗೆ ಬಂದಳು. ದೂರದೇಶಗಳಿಂದ ಅಲ್ಲಿಗೆ ಪೆಟ್ಟಿಗೆಗಟ್ಟಲೆ ಸತ್ತ ಚಿಟ್ಟೆಗಳು ಬರುತ್ತಿದ್ದವು. ಯಾವ ಗಿಡದವು, ಹುಳುವಾಗಿದ್ದಾಗ ಹೇಗಿದ್ದವು ಎಂದರೆ ಉತ್ತರವಿಲ್ಲ. ತಾನೇ ಹೋಗಿ ನೋಡುವುದೆಂದು ತನ್ನ ಚಿತ್ರಗಳನ್ನೂ ಸಂಗ್ರಹವನ್ನೂ ಮಾರಿ ದುಡ್ಡು ಮಾಡಿಕೊಂಡು, 1699ರಲ್ಲಿ ಕಿರಿಮಗಳು ಡೊರೊಥಿಯಾಳೊಂದಿಗೆ ದಕ್ಷಿಣ ಅಮೆರಿಕದ ಸೂರಿನಾಮಿಗೆ ಹಡಗು ಹತ್ತಿದಳು. ಆಗ ಆಕೆಗೆ ಐವತ್ತೆರಡು. ನಮ್ಮಲ್ಲಿ ಆ ವಯಸ್ಸಿಗೆ ಕಾಶಿಯಾತ್ರೆಯ ಮಾತೆತ್ತಿದರೂ ಮೊಣಕಾಲು ನೋವಿನ ವಿಚಾರ ಬರುತ್ತದೆ.

ಅದು ಡಚ್ಚರ ವಸಾಹತು. ಕಬ್ಬಿನ ತೋಟಗಳಲ್ಲಿ ದುಡಿಯುತ್ತಿದ್ದವರು ಗುಲಾಮರು. ಸಕ್ಕರೆ ಬಿಟ್ಟು ಬೇರೇನನ್ನೋ ಹುಡುಕುತ್ತಾಳೆಂದು ತೋಟದ ಧಣಿಗಳು ನಕ್ಕರೆಂದು ಆಕೆಯೇ ಬರೆದಿದ್ದಾಳೆ. ಕಾಡಿನಲ್ಲಿ ದಾರಿ ಕಡಿದವರು, ಹುಳು ಹಿಡಿದು ತಂದವರು, ಗಿಡದ ಗುಣ ಹೇಳಿದವರು ಆ ಗುಲಾಮರು ಮತ್ತು ಅಲ್ಲಿನ ಮೂಲನಿವಾಸಿಗಳು. ಕಾಯಿಲೆ ಬಿದ್ದು 1701ರಲ್ಲಿ ಹಿಂತಿರುಗಿದಳು. ಅರವತ್ತು ಫಲಕಗಳ ದೊಡ್ಡ ಪುಸ್ತಕ 1705ರಲ್ಲಿ ಹೊರಬಂತು. ಮುಂದೆ ಜೀವಿಗಳಿಗೆಲ್ಲ ಲ್ಯಾಟಿನ್ ಹೆಸರಿಟ್ಟ ಲಿನ್ನೇಯಸ್ ಅಲ್ಲಿನ ಹಲವು ಕೀಟಗಳನ್ನು ವಿವರಿಸುವಾಗ ನೆಚ್ಚಿಕೊಂಡದ್ದು ಇವೇ ಚಿತ್ರಗಳನ್ನು. ನಮ್ಮ ನಿಂಬೆ ಚಿಟ್ಟೆಗೂ 1758ರಲ್ಲಿ ಹೆಸರಿಟ್ಟವನು ಅವನೇ.

ಆ ಪುಸ್ತಕದ ಒಂದು ಹಾಳೆಯಲ್ಲಿರುವ ಹೂವನ್ನು ನೀವೂ ನೋಡಿದ್ದೀರಿ. ನಮ್ಮ ಕಾಂಪೌಂಡುಗಳಲ್ಲಿ ಕೆಂಪು ಹಳದಿ ಗೊಂಚಲಾಗಿ, ಉದ್ದ ಕೇಸರಗಳನ್ನು ಚಾಚಿ ಅರಳುವ ರತ್ನಗಂಧಿ. ಅದರ ತವರು ಅಮೆರಿಕದ ಉಷ್ಣ ಸೀಮೆ. ಮೇರಿಯನ್ ಹುಳುವನ್ನಷ್ಟೇ ಬರೆದು ಸುಮ್ಮನಾಗಲಿಲ್ಲ. ಧಣಿಗಳು ಕ್ರೂರವಾಗಿ ನಡೆಸಿಕೊಳ್ಳುವುದರಿಂದ, ತಮ್ಮ ಹೊಟ್ಟೆಯಲ್ಲಿ ಹುಟ್ಟಿದ್ದೂ ಗುಲಾಮ ಆಗಬಾರದೆಂದು ಗುಲಾಮ ಹೆಂಗಸರು ಈ ಗಿಡದ ಬೀಜದಿಂದ ಗರ್ಭ ತೆಗೆಸಿಕೊಳ್ಳುತ್ತಾರೆ, ಇದನ್ನು ಅವರೇ ನನಗೆ ಹೇಳಿದರು ಎಂದು ಚಿತ್ರದ ಜೊತೆಗೇ ಬರೆದಳು. ಚಿಟ್ಟೆ ನೋಡಲು ಬಂದ ಪರದೇಶದ ಹೆಂಗಸಿಗೆ, ಅದೂ ಒಡೆಯರ ಜನಕ್ಕೆ ಸೇರಿದವಳಿಗೆ, ಅವರು ಈ ಮಾತನ್ನು ಯಾವ ಧೈರ್ಯದಲ್ಲಿ ಹೇಳಿದರೋ. ರತ್ನಗಂಧಿಯನ್ನು ದೇವರಿಗೆ ಏರಿಸುವಾಗ ಈಗ ನನ್ನ ಕೈ ಒಂದು ಕ್ಷಣ ತಡೆಯುತ್ತದೆ.

ಮೇರಿಯನ್ 1717ರಲ್ಲಿ ತೀರಿಕೊಂಡಳು. ಕಂಬಳಿಹುಳು ಪುಸ್ತಕದ ಮೂರನೇ ಭಾಗವನ್ನು ಅದೇ ವರ್ಷ ಡೊರೊಥಿಯಾ ಹೊರತಂದಳು. 1992ರಿಂದ ಯೂರೋ ಬರುವವರೆಗೆ ಚಲಾವಣೆಯಲ್ಲಿದ್ದ ಜರ್ಮನಿಯ ಐನೂರು ಮಾರ್ಕಿನ ನೋಟಿನ ಒಂದು ಬದಿಗೆ ಆಕೆಯ ಮುಖವಿತ್ತು, ಇನ್ನೊಂದು ಬದಿಗೆ ಆ ಡ್ಯಾಂಡೆಲಿಯನ್, ಅದರ ಹುಳು, ಪತಂಗ. ಸೂರಿನಾಮಿನಿಂದ ಹಿಂತಿರುಗುವಾಗ ಆಕೆಯ ಜೊತೆ ಅಲ್ಲಿನ ಮೂಲನಿವಾಸಿ ಹೆಂಗಸೊಬ್ಬಳೂ ಆಮ್‌ಸ್ಟರ್‌ಡ್ಯಾಮಿಗೆ ಬಂದಿದ್ದಳು. ಹುಳುಹುಳುವಿಗೂ ಅದರ ಗಿಡ ಯಾವುದೆಂದು ಬರೆದ ಆ ಪುಸ್ತಕದಲ್ಲಿ ಅವಳ ಹೆಸರಿಲ್ಲ.