ಬಾಂಬಿನ ಬೂದಿಯಲ್ಲಿ ಸಿಕ್ಕ ಐನ್‌ಸ್ಟೀನಿಯಂ

ಮೂಲವಸ್ತುಗಳ ಆವರ್ತಕ ಕೋಷ್ಟಕದ 99ನೆಯ ಮನೆಯಲ್ಲಿರುವುದು ಐನ್‌ಸ್ಟೀನಿಯಂ. ಯಾವ ಗಣಿಯನ್ನು ಅಗೆದರೂ ಇದು ಸಿಗದು. ಮನುಷ್ಯನ ಕಣ್ಣಿಗೆ ಇದು ಮೊದಲು ಬಿದ್ದದ್ದು ಜಲಜನಕ ಬಾಂಬಿನ ಬೂದಿಯಲ್ಲಿ.

1952ರ ನವೆಂಬರ್ 1ರಂದು ಪೆಸಿಫಿಕ್ ಸಾಗರದ ಎನೆವೆಟಾಕ್ ಹವಳದ್ವೀಪಗಳಲ್ಲಿ ಅಮೆರಿಕ ‘ಐವಿ ಮೈಕ್’ ಎಂಬ ಪರೀಕ್ಷಾ ಸ್ಫೋಟ ನಡೆಸಿತು. ಅದರ ಶಕ್ತಿ ಹಿರೋಷಿಮಾ ಬಾಂಬಿನ ಸುಮಾರು 700 ಪಟ್ಟು. ಎಲುಗೆಲಾಬ್ ಎಂಬ ಪುಟ್ಟ ದ್ವೀಪ ಹೇಳಹೆಸರಿಲ್ಲದಂತೆ ಮಾಯವಾಯಿತು. ಮೇಲೆದ್ದ ಮೋಡದಲ್ಲಿ ಏನೇನಿದೆ ಎಂದು ತಿಳಿಯಲು ಶೋಧಕ ಕಾಗದ ಅಳವಡಿಸಿದ ವಿಮಾನಗಳನ್ನು ಅದರೊಳಕ್ಕೆ ಕಳುಹಿಸಲಾಯಿತು. ಹಾಗೆ ಹೋದ ಪೈಲಟ್ ಜಿಮ್ಮಿ ರಾಬಿನ್ಸನ್ ಮರಳುವಾಗ ಇಂಧನ ಮುಗಿದು ನೀರಿಗೆ ಬಿದ್ದರು. ದೇಹ ಸಿಗಲೇ ಇಲ್ಲ. ಈ ಹೆಸರನ್ನು ಬಿಟ್ಟು ಐನ್‌ಸ್ಟೀನಿಯಂನ ಚರಿತ್ರೆ ಬರೆಯುವುದು ನ್ಯಾಯವಲ್ಲ.

ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಆಲ್ಬರ್ಟ್ ಘಿಯೋರ್ಸೊ ಮತ್ತು ಸಂಗಡಿಗರು ಆ ಕಾಗದಗಳನ್ನು ಪರೀಕ್ಷಿಸಿದರು. ಸಿಕ್ಕಿದ್ದು ಹೆಚ್ಚೆಂದರೆ 200 ಪರಮಾಣು! ಸ್ಫೋಟದ ಕ್ಷಣದಲ್ಲಿ ಯುರೇನಿಯಂ ಪರಮಾಣುವಿನ ಬೀಜಕೇಂದ್ರವು 15 ನ್ಯೂಟ್ರಾನುಗಳನ್ನು ಒಂದರ ಹಿಂದೊಂದರಂತೆ ನುಂಗಿತ್ತು. ಬಳಿಕ ಏಳು ನ್ಯೂಟ್ರಾನುಗಳು ಪ್ರೋಟಾನುಗಳಾಗಿ ಮಾರ್ಪಟ್ಟವು. ಯುರೇನಿಯಂನ 92 ಹೀಗೆ 99 ಆಯಿತು. ನೂರನೆಯ ಮೂಲವಸ್ತುವಾದ ಫರ್ಮಿಯಂ ಕೂಡ ಇದೇ ಬೂದಿಯಲ್ಲಿತ್ತು.

ಶೀತಲ ಸಮರದ ಕಾಲ. ಬಾಂಬಿಗೆ ಸಂಬಂಧಿಸಿದ್ದೆಲ್ಲ ಸೇನೆಯ ಗುಟ್ಟು. ಇತ್ತ ಸ್ವೀಡನ್ನಿನ ವಿಜ್ಞಾನಿಗಳು ಇದೇ ಜಾಡಿನಲ್ಲಿದ್ದರು. ಕೀರ್ತಿ ಕೈತಪ್ಪೀತೆಂದು ಬರ್ಕ್ಲಿಯವರು 1954ರಲ್ಲಿ ಇವೇ ಮೂಲವಸ್ತುಗಳನ್ನು ಅಣುಸ್ಥಾವರದಲ್ಲಿ ತಯಾರಿಸಿದ ವರದಿ ಪ್ರಕಟಿಸಿ, ಇದು ಮೊದಲ ಕೆಲಸವಲ್ಲ ಎಂದು ಸೂಚ್ಯವಾಗಿ ಹೇಳಿಕೊಂಡರು. ನಿಜ ಸಂಗತಿ ಬಯಲಾದದ್ದು 1955ರ ಬೇಸಿಗೆಯಲ್ಲಿ. ಆಗಸ್ಟ್‌ನಲ್ಲಿ ಜಿನೀವಾದ ಅಣುಶಕ್ತಿ ಸಮ್ಮೇಳನದಲ್ಲೂ ಅದನ್ನು ಸಾರಲಾಯಿತು. ಆ ಸಮ್ಮೇಳನದ ಅಧ್ಯಕ್ಷರು ನಮ್ಮ ಹೋಮಿ ಭಾಭಾ.

ಐನ್‌ಸ್ಟೀನ್ ಮತ್ತು ಫರ್ಮಿ ಬದುಕಿದ್ದಾಗಲೇ ಹೆಸರುಗಳನ್ನು ಆರಿಸಲಾಗಿತ್ತು. ಪ್ರಕಟಣೆ ಹೊರಬೀಳುವಷ್ಟರಲ್ಲಿ ಇಬ್ಬರೂ ಇರಲಿಲ್ಲ. ಜಲಜನಕ ಬಾಂಬಿನ ಅಪಾಯವನ್ನು 1950ರಲ್ಲೇ ಟೆಲಿವಿಷನ್‌ನಲ್ಲಿ ಸಾರಿ, ಸಾಯುವ ವಾರದ ಮುಂಚೆ ಅಣ್ವಸ್ತ್ರ ವಿರೋಧಿ ಹೇಳಿಕೆಗೆ ಸಹಿ ಹಾಕಿದ ಐನ್‌ಸ್ಟೀನ್‌ಗೆ ಅದೇ ಬಾಂಬಿನ ಕೂಸಿನ ನಾಮಕರಣ ಹಿತವೆನಿಸುತ್ತಿತ್ತೇ? ಅನುಮಾನ.

ಐನ್‌ಸ್ಟೀನಿಯಂ ಬೆಳ್ಳಿಬಣ್ಣದ ಮೆತ್ತನೆಯ ಲೋಹ. ತನ್ನದೇ ವಿಕಿರಣದಿಂದ ಕತ್ತಲಲ್ಲಿ ಹೊಳೆಯುತ್ತದೆ. ಅದೇ ವಿಕಿರಣ ಅದರ ಹರಳನ್ನೂ ಕೆಡಿಸುತ್ತದೆ. ಮೊದಲು ಸಿಕ್ಕ ಬಗೆಯ ಅರ್ಧಾಯು ಕೇವಲ 20 ದಿನ. ಸಂಶೋಧನೆಯ ಆಚೆ ಬಳಕೆಯಿಲ್ಲ. ಆದರೆ 1955ರಲ್ಲಿ ಇದರ ಸುಮಾರು 100 ಕೋಟಿ ಪರಮಾಣುಗಳಿಗೆ ಹೀಲಿಯಂ ಕಣಗಳನ್ನು ಬಡಿದು 101ನೆಯ ಮೂಲವಸ್ತು ಮೆಂಡಲೀವಿಯಂ ಪಡೆದರು. 2021ರಲ್ಲಿ ಬರ್ಕ್ಲಿಯವರೇ ಗ್ರಾಮಿನ 40 ಲಕ್ಷದ ಒಂದು ಪಾಲಿಗಿಂತ ಕಡಿಮೆ ಐನ್‌ಸ್ಟೀನಿಯಂ ಹಿಡಿದು, ಅದು ಬೇರೆ ಪರಮಾಣುಗಳೊಡನೆ ಕಟ್ಟಿಕೊಳ್ಳುವ ಬಂಧದ ಉದ್ದವನ್ನು ಮೊದಲ ಸಲ ಅಳೆದರು. ಕೊರೋನಾದಿಂದ ಪ್ರಯೋಗಾಲಯಕ್ಕೆ ಬೀಗ ಬಿದ್ದಾಗಲೂ ಆ ಮಾದರಿ ತಿಂಗಳಿಗೆ ಶೇಕಡ 7ರಂತೆ ಕರಗುತ್ತಲೇ ಇತ್ತು.